ಕೋಡಿಂಗ್ ಬರಲ್ಲ, ನಾಲ್ಕು ಪುಟದ ವೆಬ್‌ಸೈಟ್ ಬೇಕು. ಯಾವುದು ಹಿಡಿಯಲಿ?

ದಾರಸೂಜಿ · ಜೂನ್ 3, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಹಳೆ ಪುಸ್ತಕಗಳಿಗೆ ಕೈಯಲ್ಲೇ ಬೈಂಡಿಂಗ್ ಮಾಡುತ್ತೇನೆ. ಹರಿದ ಹಾಳೆ ಅಂಟಿಸುವುದು, ಬೆನ್ನು ಕಿತ್ತುಹೋದ ಪುಸ್ತಕವನ್ನು ಬಿಚ್ಚಿ ಮತ್ತೆ ಹೊಲಿಯುವುದು, ರಟ್ಟು ಹಾಕುವುದು, ಇಷ್ಟೇ ಕೆಲಸ. ಇಲ್ಲಿಯವರೆಗೆ ಒಬ್ಬರು ಇನ್ನೊಬ್ಬರಿಗೆ ಹೇಳಿ ಕೆಲಸ ಬರುತ್ತಿತ್ತು. ಈಗ ಫೋನ್ ಮಾಡಿದವರೆಲ್ಲ "ವೆಬ್‌ಸೈಟ್ ಇದ್ದರೆ ಲಿಂಕ್ ಕಳಿಸಿ" ಅನ್ನುತ್ತಾರೆ. ಒಬ್ಬೊಬ್ಬರಿಗೂ ಅದೇ ಫೋಟೋ ಕಳಿಸಿ ಕಳಿಸಿ ಸಾಕಾಗಿದೆ.

ಕೋಡಿಂಗ್ ನನಗೆ ಬರಲ್ಲ. ಎಚ್‌ಟಿಎಂಎಲ್ ಅನ್ನುವ ಹೆಸರು ಕೇಳಿದ್ದೇನೆ, ಅಷ್ಟೇ. ಎರಡು ಸಂಜೆ ಕೂತು ವಿಡಿಯೋ ನೋಡಿದೆ. ಒಬ್ಬರು ವರ್ಡ್‌ಪ್ರೆಸ್ ಅನ್ನುತ್ತಾರೆ. ಇನ್ನೊಬ್ಬರು ವಿಕ್ಸ್. ಮತ್ತೊಬ್ಬರು ಎಐಗೆ ಹೇಳಿದರೆ ಐದೇ ನಿಮಿಷ ಅನ್ನುತ್ತಾರೆ. ಡೊಮೇನ್, ಹೋಸ್ಟಿಂಗ್, ಥೀಮ್, ಪ್ಲಗಿನ್... ತಲೆ ಗಿರ್ರೆನ್ನುತ್ತಿದೆ.

ನನಗೆ ಬೇಕಾಗಿರುವುದು ಸಣ್ಣದು. ನಾನು ಯಾರು, ಏನು ಮಾಡುತ್ತೇನೆ, ಮಾಡಿದ ಕೆಲಸದ ಫೋಟೋ, ಸಂಪರ್ಕಿಸುವುದು ಹೇಗೆ. ಆನ್‌ಲೈನ್‌ನಲ್ಲಿ ಮಾರುವುದು, ಹಣ ಪಾವತಿ ಯಾವುದೂ ಬೇಡ. ದಾರಿ ತೋರಿಸಿ.

ಸುಮ್ನೆಬಂದೆ · ಜೂನ್ 3, ರಾತ್ರಿ 9:52

ಕಣ್ಣು ಮುಚ್ಚಿಕೊಂಡು ವರ್ಡ್‌ಪ್ರೆಸ್ ಹಾಕಿ. ನಾನೂ ಅದೇ ಹಾಕಿರುವುದು.

ಗೂಬೆಕಣ್ಣು · ಜೂನ್ 3, ರಾತ್ರಿ 10:30

ಕಣ್ಣು ಮುಚ್ಚಿಕೊಳ್ಳಬೇಡಿ ದಾರಸೂಜಿಯವರೇ. ಮೊದಲು ಯಾವ ವರ್ಡ್‌ಪ್ರೆಸ್ ಅಂತ ಕೇಳಿ. ಒಂದೇ ಹೆಸರಲ್ಲಿ ಎರಡು ಇವೆ.

ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವುದು ಸಾಫ್ಟ್‌ವೇರ್. 2003ರಲ್ಲಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಶುರು ಮಾಡಿದ್ದು. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಆದರೆ ಅದನ್ನು ಇಡಲು ಜಾಗ ನೀವೇ ಬಾಡಿಗೆಗೆ ಹಿಡಿಯಬೇಕು. ಅಪ್‌ಡೇಟ್, ಬ್ಯಾಕಪ್, ಭದ್ರತೆ ಎಲ್ಲ ನಿಮ್ಮ ತಲೆ ಮೇಲೆ. ವರ್ಡ್‌ಪ್ರೆಸ್ ಡಾಟ್ ಕಾಂ ಅನ್ನುವುದು ಅದೇ ಸಾಫ್ಟ್‌ವೇರನ್ನು ಇಟ್ಟುಕೊಂಡು ಒಂದು ಕಂಪನಿ ನಡೆಸುವ ಸೇವೆ. ಅಲ್ಲಿ ನಿರ್ವಹಣೆ ಅವರದು. ಉಚಿತ ಖಾತೆಯಲ್ಲಿ ವಿಳಾಸದ ಬಾಲಕ್ಕೆ ಅವರ ಹೆಸರಿರುತ್ತದೆ, ಪುಟದಲ್ಲಿ ಜಾಹೀರಾತು ಬರುತ್ತದೆ.

ಅರ್ಧ ಜನ ಡಾಟ್ ಆರ್ಗ್‌ನ ವಿಡಿಯೋ ನೋಡಿಕೊಂಡು ಡಾಟ್ ಕಾಂನಲ್ಲಿ ಹುಡುಕುತ್ತಾರೆ. "ಪ್ಲಗಿನ್ ಬಟನ್ ಕಾಣ್ತಿಲ್ಲ" ಅಂತ ಇಲ್ಲಿ ಬಂದು ಕೇಳುತ್ತಾರೆ. ಪ್ಲಗಿನ್ ಅಂದರೆ ಸೈಟಿಗೆ ಹೊಸ ಸೌಲಭ್ಯ ಸೇರಿಸುವ ಸಣ್ಣ ಸಾಫ್ಟ್‌ವೇರ್.

ವರ್ಡ್‌ಪ್ರೆಸ್ ಒಳ್ಳೆಯದೇ. ನಾಲ್ಕು ಪುಟಕ್ಕೆ, ಅದೂ ಆರು ತಿಂಗಳಿಗೊಮ್ಮೆ ಬದಲಾಗುವ ಪುಟಕ್ಕೆ, ಅಷ್ಟು ದೊಡ್ಡ ಯಂತ್ರ ಬೇಕೇ ಅನ್ನುವುದು ನನ್ನ ಪ್ರಶ್ನೆ. ಅಪ್‌ಡೇಟ್ ಮಾಡದೆ ಬಿಟ್ಟ ಪ್ಲಗಿನ್ ಅಂದರೆ ಚಿಲಕ ಹಾಕದ ಹಿತ್ತಿಲ ಬಾಗಿಲು.

ಕೆಂಪುಪೆನ್ನು · ಜೂನ್ 4, ಬೆಳಿಗ್ಗೆ 7:15

ನೀವೆಲ್ಲ ಆಗಲೇ ಉಪಕರಣದ ಜಗಳಕ್ಕೆ ಇಳಿದಿರಿ. ನಾನು ಬೇರೆ ಮಾತು ಹೇಳುತ್ತೇನೆ.

ದಾರಸೂಜಿಯವರೇ, ಒಂದು ವಾರ ಯಾವ ಖಾತೆಯನ್ನೂ ತೆರೆಯಬೇಡಿ. ಒಂದು ಕಾಗದ ತೆಗೆದುಕೊಳ್ಳಿ. ಫೋನ್ ಮಾಡಿದವರು ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. "ಎಷ್ಟು ದಿನ ಆಗುತ್ತೆ?" "ಗೆದ್ದಲು ತಿಂದಿದ್ದರೆ ಸರಿ ಮಾಡ್ತೀರಾ?" "ಹಳೆ ರಟ್ಟು ಹಾಗೇ ಉಳಿಸಬಹುದಾ?" ಹೀಗೆ. ನಿಮ್ಮ ವೆಬ್‌ಸೈಟ್ ಅಂದರೆ ಆ ಪ್ರಶ್ನೆಗಳಿಗೆ ಉತ್ತರ. ಬೇರೇನೂ ಅಲ್ಲ.

ಟೆಂಪ್ಲೇಟ್ ಮೊದಲು ಆರಿಸಿದರೆ ಏನಾಗುತ್ತದೆ ಗೊತ್ತಾ? ಅದರಲ್ಲಿ ಖಾಲಿ ಡಬ್ಬಿಗಳಿರುತ್ತವೆ. "ನಮ್ಮ ತಂಡ", "ನಮ್ಮ ಧ್ಯೇಯ", "ಗ್ರಾಹಕರು ಏನಂತಾರೆ". ಇರುವುದು ನೀವೊಬ್ಬರೇ. ಆದರೂ ಡಬ್ಬಿ ಖಾಲಿ ಬಿಡಲು ಮನಸ್ಸಾಗದೆ ಏನೋ ತುಂಬುತ್ತೀರಿ. ಓದುವವರಿಗೆ ಅದು ಬೊಗಳೆ ಅಂತ ಎರಡನೇ ಸಾಲಿಗೇ ಗೊತ್ತಾಗುತ್ತದೆ.

ನೂರೆಂಟುಟ್ಯಾಬ್ · ಜೂನ್ 4, ಬೆಳಿಗ್ಗೆ 8:02

ಇದು ಹಳೇ ಕಾಲದ ಮಾತಾಯಿತು. ಈಗ ಎಐ ಬಿಲ್ಡರ್‌ಗಳಿವೆ. "ಪುಸ್ತಕ ಬೈಂಡಿಂಗ್ ಮಾಡುವವರಿಗೆ ವೆಬ್‌ಸೈಟ್" ಅಂತ ಒಂದು ಸಾಲು ಬರೆದರೆ ಬಣ್ಣ, ಅಕ್ಷರ, ಪಠ್ಯ ಎಲ್ಲ ಅದೇ ಕೊಡುತ್ತದೆ. ಕಾಗದ ಪೆನ್ನು ಹಿಡಿದು ಒಂದು ವಾರ ಯಾಕೆ ಕೂರಬೇಕು?

ಕೆಂಪುಪೆನ್ನು · ಜೂನ್ 4, ಬೆಳಿಗ್ಗೆ 8:20

ಪಠ್ಯ ಕೊಡುತ್ತದೆ, ಸರಿ. ಯಾರ ಪಠ್ಯ? ನನಗೆ ಪರಿಚಯದವರೊಬ್ಬರು ಹೀಗೇ ಮಾಡಿಸಿದರು. "25 ವರ್ಷಗಳ ಅನುಭವ" ಅಂತ ಬಂದಿತ್ತು. ಅವರು ಕೆಲಸ ಶುರು ಮಾಡಿ ಮೂರು ವರ್ಷ ಆಗಿತ್ತು. ಕೆಳಗೆ ಮೂರು ಜನ ಹೊಗಳಿದ್ದರು. ಆ ಮೂವರೂ ಭೂಮಿ ಮೇಲೆ ಇಲ್ಲ! ಅದನ್ನು ಗಮನಿಸದೆ ಎರಡು ತಿಂಗಳು ಹಾಗೇ ಬಿಟ್ಟಿದ್ದರು. ಒಬ್ಬ ಗ್ರಾಹಕರು ಕೇಳಿದ ಮೇಲೆಯೇ ಗೊತ್ತಾಗಿದ್ದು.

ನೂರೆಂಟುಟ್ಯಾಬ್ · ಜೂನ್ 4, ಬೆಳಿಗ್ಗೆ 8:41

ಅದು ಓದದೆ ಪ್ರಕಟಿಸಿದವರ ತಪ್ಪು. ಆದರೆ ಸರಿ, ಒಪ್ಪಿದೆ. ವಿನ್ಯಾಸಕ್ಕೆ ಎಐ ಇಟ್ಟುಕೊಳ್ಳಿ, ಮಾತು ನಿಮ್ಮದಿರಲಿ. ನೀವು ಬರೆದದ್ದನ್ನು ಕೊಟ್ಟು "ಕಾಗುಣಿತ ಮಾತ್ರ ನೋಡು, ಹೊಸದೇನೂ ಸೇರಿಸಬೇಡ" ಅಂದರೆ ಒಳ್ಳೆಯ ಕೆಲಸ ಮಾಡುತ್ತದೆ.

ಹಳೇಮೋಡೆಮ್ · ಜೂನ್ 4, ಮಧ್ಯಾಹ್ನ 1:10

ಸ್ವಲ್ಪ ಹಿಂದೆ ಹೋಗುತ್ತೇನೆ, ಬೇಜಾರಾದರೆ ಬಿಟ್ಟು ಮುಂದೆ ಹೋಗಿ.

ಕೋಡಿಂಗ್ ಇಲ್ಲದೆ ವೆಬ್‌ಸೈಟ್ ಅನ್ನುವುದು ಹೊಸದಲ್ಲ. 1994ರಲ್ಲೇ ಜಿಯೋಸಿಟೀಸ್ ಬಂತು. ಜನ ಉಚಿತವಾಗಿ ಜಾಗ ತೆಗೆದುಕೊಂಡು ತಮಗೆ ತೋಚಿದ್ದೆಲ್ಲ ಹಾಕಿದರು. ಮಿನುಗುವ ನಕ್ಷತ್ರ, ಓಡುವ ಅಕ್ಷರ, ಏನು ಸಂಭ್ರಮ ಅಂತೀರಿ. 1999ರಲ್ಲಿ ಯಾಹೂ ಅದನ್ನು ಕೊಂಡಿತು. 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಜಪಾನಿನದು ಮಾತ್ರ ಇನ್ನೂ ಹತ್ತು ವರ್ಷ ಬದುಕಿತ್ತು. ಲಕ್ಷಾಂತರ ಪುಟಗಳ ವಿಳಾಸ ಒಂದೇ ದಿನ ಸತ್ತುಹೋಯಿತು. ಕೆಲವನ್ನು ಇಂಟರ್ನೆಟ್ ಆರ್ಕೈವ್‌ನಂಥವರು ಪ್ರತಿ ಮಾಡಿ ಉಳಿಸಿಕೊಂಡರು.

ಇದು ಹಳೇ ಕತೆ ಅನ್ನಬೇಡಿ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಸಣ್ಣ ವ್ಯಾಪಾರದವರಿಗೆ ಉಚಿತ ವೆಬ್‌ಸೈಟ್ ಮಾಡಿಕೊಳ್ಳುವ ಸೌಲಭ್ಯವಿತ್ತಲ್ಲ, ಅದೂ 2024ರ ಮಾರ್ಚ್‌ನಲ್ಲಿ ನಿಂತಿತು.

ನಾನು ಹೇಳುವುದು ಇಷ್ಟೇ. ಯಾವ ಬಿಲ್ಡರ್ ಆದರೂ ಒಂದು ದಿನ ಮುಚ್ಚಬಹುದು, ಅಥವಾ ನಿಮಗೇ ಬೇಡವಾಗಬಹುದು. ಆಗ ಉಳಿಯಬೇಕಾದ್ದು ಎರಡು. ಒಂದು, ನಿಮ್ಮ ಸ್ವಂತ ಡೊಮೇನ್ ಹೆಸರು. ಇನ್ನೊಂದು, ನಿಮ್ಮ ಪಠ್ಯ ಮತ್ತು ಫೋಟೋಗಳ ಮೂಲ ಪ್ರತಿ, ನಿಮ್ಮದೇ ಕಂಪ್ಯೂಟರಿನಲ್ಲಿ. ಇವೆರಡಿದ್ದರೆ ಒಂದು ವಾರಾಂತ್ಯದಲ್ಲಿ ಬೇರೆ ಕಡೆ ಹೋಗಬಹುದು. ಲಿಂಕ್ ಇಟ್ಟುಕೊಂಡವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಮೂರನೇಸಾಲು · ಜೂನ್ 4, ಮಧ್ಯಾಹ್ನ 2:25

ಮೇಲಿನವರ ಮಾತಿಗೆ ನನ್ನದೊಂದು ಸೇರಿಸಿ. ಡೊಮೇನ್ "ಸ್ವಂತ" ಅಂದರೆ ನಿಜವಾಗಲೂ ಸ್ವಂತ ಇರಬೇಕು.

ಕೆಲವು ವರ್ಷಗಳ ಹಿಂದೆ ಒಬ್ಬರಿಗೆ ದುಡ್ಡು ಕೊಟ್ಟು ಸೈಟ್ ಮಾಡಿಸಿದ್ದೆ. ಡೊಮೇನನ್ನೂ ಅವರೇ ಕೊಂಡರು. ನನಗೆ ಸುಲಭವಾಯಿತು ಅಂದುಕೊಂಡೆ. ಎರಡು ವರ್ಷ ಬಿಟ್ಟು ಅವರ ಫೋನ್ ಹೋಗುತ್ತಿಲ್ಲ, ಇಮೇಲ್‌ಗೆ ಉತ್ತರವಿಲ್ಲ. ನವೀಕರಣದ ದಿನ ಹತ್ತಿರ ಬರುತ್ತಿತ್ತು. ನೋಂದಣಿ ಅವರ ಹೆಸರಲ್ಲಿ, ಅವರ ಇಮೇಲ್‌ನಲ್ಲಿ. ದುಡ್ಡು ನನ್ನದಾದರೂ ಕಾಗದದ ಮೇಲೆ ನಾನು ಯಾರೂ ಅಲ್ಲ. ಕೊನೆಗೆ ಹೆಸರೇ ಬದಲಿಸಿದೆ. ಅಚ್ಚು ಹಾಕಿಸಿದ ಕಾರ್ಡುಗಳೆಲ್ಲ ರದ್ದಿಗೆ ಹೋದವು.

ಯಾರ ಸಹಾಯ ತೆಗೆದುಕೊಂಡರೂ ಡೊಮೇನ್ ಖಾತೆ ಮಾತ್ರ ನಿಮ್ಮ ಇಮೇಲ್‌ನಲ್ಲಿ ನೀವೇ ತೆರೆಯಿರಿ. ಎರಡು ಹಂತದ ಲಾಗಿನ್ ಹಾಕಿ. ಪಾಸ್‌ವರ್ಡ್ ಬೇರೆ ಯಾರಿಗೂ ಬೇಡ.

ದಾರಸೂಜಿ · ಜೂನ್ 4, ರಾತ್ರಿ 10:05

ಅಬ್ಬಾ, ಇಷ್ಟು ಉತ್ತರ ನಿರೀಕ್ಷಿಸಿರಲಿಲ್ಲ. ಧನ್ಯವಾದ.

ಕಾಗದದ ಕೆಲಸ ನನಗೆ ಹೇಳಿ ಮಾಡಿಸಿದ್ದು, ಶುರು ಮಾಡಿದ್ದೇನೆ. ಈವರೆಗೆ ಹನ್ನೊಂದು ಪ್ರಶ್ನೆ ಆಗಿದೆ. ಇನ್ನೊಂದು ದಡ್ಡ ಪ್ರಶ್ನೆ. ಡೊಮೇನ್ ಬೇರೆ, ಹೋಸ್ಟಿಂಗ್ ಬೇರೆ, ಬಿಲ್ಡರ್ ಬೇರೆ ಅಂದಿರಿ. ಮೂರೂ ಬೇರೆ ಬೇರೆ ಕಡೆ ಕೊಳ್ಳಬೇಕಾ?

ಪಿಕ್ಸೆಲ್‌ಪುಟ್ಟಿ · ಜೂನ್ 4, ರಾತ್ರಿ 11:00

ದಡ್ಡ ಪ್ರಶ್ನೆ ಏನಲ್ಲ. ಡೊಮೇನ್ ಅಂದರೆ ಹೆಸರು. ಹೋಸ್ಟಿಂಗ್ ಅಂದರೆ ನಿಮ್ಮ ಪುಟಗಳು ಕೂತಿರುವ ಕಂಪ್ಯೂಟರ್. ಬಿಲ್ಡರ್ ಅಂದರೆ ಪುಟ ಜೋಡಿಸುವ ಮೇಜು. ವಿಕ್ಸ್, ಸ್ಕ್ವೇರ್‌ಸ್ಪೇಸ್, ಗೂಗಲ್ ಸೈಟ್ಸ್, ಕಾರ್ಡ್ (Carrd) ಇವುಗಳಲ್ಲಿ ಹೋಸ್ಟಿಂಗ್ ಒಳಗೇ ಸೇರಿರುತ್ತದೆ. ಹಾಗಾಗಿ ನಿಮಗೆ ಬೇಕಾದ್ದು ಎರಡೇ. ಡೊಮೇನ್ ಬೇರೆ ಕಡೆ ಕೊಂಡು ಜೋಡಿಸಿ. ಸ್ವಲ್ಪ ತೊಡಕು, ಆದರೆ ಬಿಲ್ಡರ್ ಬಿಡುವ ದಿನ ಹೆಸರನ್ನು ಎಳೆದಾಡಬೇಕಾಗಿಲ್ಲ.

ಈಗ ಯಾವುದು ಅಂತ. ನಾನು ಬಳಸಿರುವುದನ್ನು ಮಾತ್ರ ಹೇಳುತ್ತೇನೆ.

ವಿಕ್ಸ್‌ನಲ್ಲಿ ಏನು ಬೇಕಾದರೂ ಎಲ್ಲಿ ಬೇಕಾದರೂ ಎಳೆದಿಡಬಹುದು. ಅದೇ ಅದರ ಸುಖ, ಅದೇ ಕಷ್ಟ. ಕಂಪ್ಯೂಟರ್ ಪರದೆಯಲ್ಲಿ ಚಂದ ಜೋಡಿಸಿದ್ದು ಮೊಬೈಲಿನಲ್ಲಿ ಒಂದರ ಮೇಲೊಂದು ಹತ್ತಿ ಕೂರಬಹುದು. ಅದಕ್ಕೇ ಮೊಬೈಲ್ ನೋಟವನ್ನು ಬೇರೆಯಾಗಿ ಸರಿಮಾಡಬೇಕು. ಒಂದು ಟೆಂಪ್ಲೇಟ್‌ನಲ್ಲಿ ಶುರು ಮಾಡಿದ ಸೈಟಿಗೆ ಆಮೇಲೆ ಬೇರೆ ಟೆಂಪ್ಲೇಟ್ ಹೊದಿಸಲು ಬರುವುದಿಲ್ಲ. ಉಚಿತ ಆವೃತ್ತಿಯಲ್ಲಿ ಅವರ ಜಾಹೀರಾತು ಪಟ್ಟಿ ಇರುತ್ತದೆ. ಸ್ವಂತ ಡೊಮೇನ್ ಜೋಡಿಸಲು ದುಡ್ಡು ಕಟ್ಟಬೇಕು.

ಸ್ಕ್ವೇರ್‌ಸ್ಪೇಸ್ ನೋಡಲು ಬಹಳ ಚಂದ. ಫೋಟೋ ಕೆಲಸದವರಿಗೆ ಸರಿ. ಶಾಶ್ವತ ಉಚಿತ ಯೋಜನೆ ಇಲ್ಲ, ಪ್ರಯೋಗಕ್ಕೆ ಕೆಲವು ದಿನ ಮಾತ್ರ.

ಕಾರ್ಡ್ ಒಂದೇ ಪುಟದ ಸೈಟಿಗೆ ಮಾಡಿದ್ದು. ನಿಮ್ಮ ನಾಲ್ಕು ಪುಟ ನಿಜವಾಗಲೂ ನಾಲ್ಕು ಪುಟವೇ? ಯೋಚಿಸಿ.

ಗೂಗಲ್ ಸೈಟ್ಸ್ ಉಚಿತ, ಜಾಹೀರಾತಿಲ್ಲ, ಸ್ವಂತ ಡೊಮೇನ್ ಜೋಡಿಸಲೂ ಅವರು ದುಡ್ಡು ಕೇಳುವುದಿಲ್ಲ. ನೋಡಲು ಸಪ್ಪೆ. ಬಣ್ಣ, ಜೋಡಣೆಯಲ್ಲಿ ಆಯ್ಕೆ ಕಡಿಮೆ. ಆದರೆ ಆಯ್ಕೆ ಕಡಿಮೆ ಇದ್ದಾಗ ಕೆಡಿಸುವುದೂ ಕಷ್ಟ, ಅಲ್ವಾ? ಮೊಬೈಲಿಗೆ ತಾನೇ ಹೊಂದಿಕೊಳ್ಳುತ್ತದೆ. ನಿಮ್ಮ ಕೆಲಸಕ್ಕೆ ನಾನಾದರೆ ಇದರಲ್ಲೇ ಶುರು ಮಾಡುತ್ತಿದ್ದೆ.

ಗೂಬೆಕಣ್ಣು · ಜೂನ್ 5, ಬೆಳಿಗ್ಗೆ 6:50

ಪುಟ್ಟಿ ಹೇಳಿದ್ದಕ್ಕೆ ನನ್ನ ಸಹಿ. ಒಂದು ಮಾತು ಮಾತ್ರ. ಯಾವುದನ್ನೇ ಆರಿಸುವ ಮುಂಚೆ "ಇಲ್ಲಿಂದ ಹೊರಗೆ ಹೋಗುವುದು ಹೇಗೆ" ಅಂತ ನೋಡಿ. ವರ್ಡ್‌ಪ್ರೆಸ್‌ನಲ್ಲಿ ಬರೆದದ್ದನ್ನೆಲ್ಲ ಒಂದು ಫೈಲಾಗಿ ಹೊರತೆಗೆದು ಬೇರೆ ವರ್ಡ್‌ಪ್ರೆಸ್‌ಗೆ ಹಾಕಬಹುದು. ವಿಕ್ಸ್ ಸೈಟನ್ನು ಇಡಿಯಾಗಿ ಎತ್ತಿಕೊಂಡು ಬೇರೆ ಹೋಸ್ಟ್‌ನಲ್ಲಿ ಇಡಲು ಬರುವುದಿಲ್ಲ, ಮತ್ತೆ ಕಟ್ಟಬೇಕು. ನಾಲ್ಕು ಪುಟಕ್ಕೆ ಅದೇನೂ ದೊಡ್ಡ ವಿಷಯವಲ್ಲ. ನಾನೂರು ಪುಟವಾದರೆ ಅಳು ಬರುತ್ತದೆ.

ದಾರಸೂಜಿ · ಜೂನ್ 8, ಸಂಜೆ 6:30

ಡೊಮೇನ್ ಕೊಂಡೆ! ನನ್ನದೇ ಇಮೇಲ್, ನನ್ನದೇ ಹೆಸರು. ಗೂಗಲ್ ಸೈಟ್ಸ್ ಹಿಡಿದಿದ್ದೇನೆ.

ಪ್ರಶ್ನೆಗಳ ಪಟ್ಟಿ ಹದಿನೇಳಾಯಿತು. ಬರೆದು ನೋಡಿದರೆ ನಾಲ್ಕು ಪುಟ ಬೇಕಾಗಿಯೇ ಇಲ್ಲ. ಎರಡು ಸಾಕು. ಮೊದಲ ಪುಟದಲ್ಲಿ ನಾನು ಯಾರು, ಏನು ಮಾಡುತ್ತೇನೆ, ಪ್ರಶ್ನೋತ್ತರ, ಸಂಪರ್ಕ. ಎರಡನೆಯದರಲ್ಲಿ ಫೋಟೋ. "ನನ್ನ ಬಗ್ಗೆ" ಅಂತ ಬರೆಯಲು ಹೋಗಿ ಮೂರು ಸಾಲಿಗೆ ನಿಂತುಬಿಟ್ಟೆ. ಅಷ್ಟೇ ಇರುವುದು.

ಫೋಟೋ ಪುಟ ಮಾತ್ರ ನನ್ನ ಹಳೆಯ ಫೋನಿನಲ್ಲಿ ತೆರೆಯಲು ಒದ್ದಾಡುತ್ತಿದೆ. ನಲವತ್ತು ಫೋಟೋ ಹಾಕಿದ್ದೇನೆ.

ಪಿಕ್ಸೆಲ್‌ಪುಟ್ಟಿ · ಜೂನ್ 8, ಸಂಜೆ 7:05

ನಲವತ್ತು! ಫೋನಿನ ಫೋಟೋ ಒಂದೊಂದೂ ಮೂರ್ನಾಲ್ಕು ಎಂಬಿ ಇರುತ್ತದೆ, ಅಗಲ ನಾಲ್ಕು ಸಾವಿರ ಪಿಕ್ಸೆಲ್‌ನಷ್ಟು. ಪರದೆಯಲ್ಲಿ ಅಂಗೈ ಅಗಲ ಕಾಣುವ ಚಿತ್ರಕ್ಕೆ ಅದೆಲ್ಲ ಯಾಕೆ? ಅಗಲ 1600 ಪಿಕ್ಸೆಲ್‌ಗೆ ಇಳಿಸಿ. ಜೆಪೆಗ್ ಗುಣಮಟ್ಟ 75ರ ಆಸುಪಾಸು ಸಾಕು. ಮೂರು ಎಂಬಿ ಇದ್ದದ್ದು ಎಷ್ಟೋ ಸಲ ಮುನ್ನೂರು ಕೆಬಿಗೆ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯಲ್ಲ. ಸ್ಕ್ವೂಷ್ ಅಂತ ಗೂಗಲ್‌ನವರದೇ ಒಂದು ಉಚಿತ ಉಪಕರಣವಿದೆ. ಬ್ರೌಸರ್‌ನಲ್ಲೇ ಕೆಲಸ ಮಾಡುತ್ತದೆ, ಫೋಟೋ ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ.

ಆಮೇಲೆ ಆರಿಸಿ. ನಲವತ್ತರಲ್ಲಿ ಎಂಟು. ಒಂದೇ ಪುಸ್ತಕದ ಹಿಂದಿನ ಸ್ಥಿತಿ, ಈಗಿನ ಸ್ಥಿತಿ ಅಕ್ಕಪಕ್ಕ ಇಡಿ. ನಿಮ್ಮ ಕೆಲಸಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಫ್ಲ್ಯಾಶ್ ಬೇಡ. ಕಿಟಕಿ ಬೆಳಕು ಪಕ್ಕದಿಂದ ಬಿದ್ದರೆ ಬಟ್ಟೆಯ ನೇಯ್ಗೆ, ಹೊಲಿಗೆಯ ದಾರ ಎದ್ದು ಕಾಣುತ್ತದೆ.

ಪ್ರತಿ ಫೋಟೋಗೂ ಆಲ್ಟ್ ಪಠ್ಯ ಬರೆಯಿರಿ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಬಳಸಿದಾಗ ಅದು ಓದಿ ಹೇಳುವುದು ಅದನ್ನೇ. "ಚಿತ್ರ 1" ಅಂತ ಬರೆದರೆ ಅವರಿಗೆ ಏನು ಉಪಯೋಗ? "ಬೆನ್ನು ಕಿತ್ತುಹೋದ ನಿಘಂಟು, ಹೊಲಿಗೆಯ ದಾರ ಹೊರಗೆ ಕಾಣುತ್ತಿದೆ" ಅಂತ ಬರೆಯಿರಿ.

ಮೂರನೇಸಾಲು · ಜೂನ್ 8, ರಾತ್ರಿ 8:40

ಹಳೆ ಪುಸ್ತಕದ ಮೊದಲ ಹಾಳೆಯಲ್ಲಿ ಯಾರಾದರೂ ಹೆಸರು, ವಿಳಾಸ, ಉಡುಗೊರೆ ಕೊಟ್ಟವರ ಸಹಿ ಬರೆದಿರುತ್ತಾರೆ. ಫೋಟೋ ಹಾಕುವ ಮುಂಚೆ ನೋಡಿಕೊಳ್ಳಿ. ಪುಸ್ತಕ ಗ್ರಾಹಕರದು, ಒಂದು ಮಾತು ಕೇಳಿಯೇ ಹಾಕಿ. ಇನ್ನೊಂದು, ಫೋನಿನ ಫೋಟೋದೊಳಗೆ ತೆಗೆದ ಜಾಗದ ವಿವರ ಸೇರಿರಬಹುದು. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿಬಿಟ್ಟರೆ ಮುಂದಿನವಕ್ಕೆ ಆ ಚಿಂತೆ ಇಲ್ಲ.

ದಾರಸೂಜಿ · ಜೂನ್ 11, ರಾತ್ರಿ 9:15

ಎಂಟು ಫೋಟೋಗೆ ಇಳಿಸಿದೆ, ಪುಟ ಈಗ ಸಲೀಸಾಗಿ ತೆರೆಯುತ್ತದೆ. ಮೊದಲ ಪುಟದಲ್ಲಿ ನೋಡಿದರೆ ಅಪ್ಪ ಹಿಂದೆ ಟೈಪ್ ಮಾಡಿಟ್ಟಿದ್ದ ಒಂದು ಪ್ಯಾರಾ (ಬೈಂಡಿಂಗ್ ಕಲಿತ ಕತೆ) ಬರೀ ಗೊಜಲು ಗೊಜಲು ಇಂಗ್ಲಿಷ್ ಅಕ್ಷರ ಆಗಿದೆ. ನನ್ನ ಕಂಪ್ಯೂಟರಿನ ಫೈಲಿನಲ್ಲಿ ಸರಿಯಾಗೇ ಇದೆ!

ಹಳೇಮೋಡೆಮ್ · ಜೂನ್ 11, ರಾತ್ರಿ 9:40

ಹಹ್ಹಾ, ಈ ಭೂತವನ್ನು ನೋಡಿ ಬಹಳ ದಿನವಾಗಿತ್ತು. ಅದು ಯೂನಿಕೋಡ್ ಪಠ್ಯವಲ್ಲ. ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆ ಇರುತ್ತದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಿದ್ದರು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ, ಇಲ್ಲದ ಕಡೆ ಗೊಜಲು. ನಿಮ್ಮ ಕಂಪ್ಯೂಟರಿನಲ್ಲಿ ಫಾಂಟ್ ಇದೆ, ಓದುಗರ ಫೋನಿನಲ್ಲಿ ಇಲ್ಲ. ಈ ಹಳೆ ಬಗೆಯಿಂದ (ಆಸ್ಕಿ ಅನ್ನುತ್ತಾರೆ) ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ಪರಿವರ್ತಕಗಳಿವೆ, ಅದರಲ್ಲಿ ಹಾಕಿ ತೆಗೆಯಿರಿ. ಆಮೇಲೆ ಒಮ್ಮೆ ಕಣ್ಣಾಡಿಸಿ. ಅರ್ಕಾವತ್ತು, ಒತ್ತಕ್ಷರಗಳ ಕಡೆ ಒಂದೆರಡು ತಪ್ಪಿರುತ್ತವೆ.

ಪ್ಯಾರಾವನ್ನು ಚಿತ್ರ ಮಾಡಿ ಅಂಟಿಸುವ ಆಸೆ ಬರುತ್ತದೆ, ಮಾಡಬೇಡಿ. ಚಿತ್ರದೊಳಗಿನ ಅಕ್ಷರ ಹುಡುಕಾಟಕ್ಕೂ ಸರಿಯಾಗಿ ಸಿಗದು, ಫೋನಿನಲ್ಲಿ ದೊಡ್ಡದು ಮಾಡಿದರೆ ಸಾಲು ಮುರಿದು ಹೊಂದಿಕೊಳ್ಳುವುದೂ ಇಲ್ಲ.

ಪಿಕ್ಸೆಲ್‌ಪುಟ್ಟಿ · ಜೂನ್ 11, ರಾತ್ರಿ 9:58

ಅಕ್ಷರದ ವಿಷಯ ಬಂತಲ್ಲ. ಕನ್ನಡದ ಒತ್ತು ಕೆಳಗೆ ಇಳಿಯುತ್ತದೆ, ಸಾಲಿನ ನಡುವೆ ಜಾಗ ಸ್ವಲ್ಪ ಜಾಸ್ತಿ ಬಿಡಿ. ನೋಟೋ ಸಾನ್ಸ್ ಕನ್ನಡ ಚಿಕ್ಕ ಅಳತೆಯಲ್ಲೂ ಸ್ಪಷ್ಟ. ಪುಸ್ತಕದ ಮುಖಚರ್ಯೆ ಬೇಕಾದರೆ ಟಿರೋ ಕನ್ನಡ ನೋಡಿ. ತಿಳಿ ಬೂದು ಅಕ್ಷರ ಮಾತ್ರ ಬೇಡ, ಬಿಸಿಲಿನಲ್ಲಿ ಫೋನ್ ಹಿಡಿದವರಿಗೆ ಏನೂ ಕಾಣಲ್ಲ.

ದಾರಸೂಜಿ · ಜೂನ್ 13, ಬೆಳಿಗ್ಗೆ 10:20

ಡೊಮೇನ್ ಜೋಡಿಸಿದೆ. ಟಿಎಕ್ಸ್‌ಟಿ, ಸಿನೇಮ್ ಅಂತ ಏನೇನೋ ಕೇಳಿತು. ಹೇಳಿದ್ದನ್ನು ಹಾಗೇ ನಕಲು ಮಾಡಿ ಅಂಟಿಸಿದೆ. ನಿನ್ನೆಯಿಡೀ ಬರಲಿಲ್ಲ, ಇವತ್ತು ಬೆಳಿಗ್ಗೆ ಬಂತು. ಆದರೆ ಮುಂದೆ ಡಬ್ಲ್ಯು ಮೂರು ಸಲ ಹಾಕಿದರೆ ಮಾತ್ರ ಬರುತ್ತದೆ, ಬರೀ ಹೆಸರು ಹಾಕಿದರೆ ಇಲ್ಲ.

ಗೂಬೆಕಣ್ಣು · ಜೂನ್ 13, ಬೆಳಿಗ್ಗೆ 11:00

ತಡವಾಗಿದ್ದು ಸಹಜ. ಡಿಎನ್‌ಎಸ್ (ಯಾವ ಹೆಸರು ಯಾವ ಕಂಪ್ಯೂಟರಿಗೆ ಹೋಗಬೇಕು ಅಂತ ಹೇಳುವ ವ್ಯವಸ್ಥೆ) ಬದಲಾವಣೆ ಎಲ್ಲ ಕಡೆ ಮುಟ್ಟಲು ಕೆಲವೊಮ್ಮೆ 48 ಗಂಟೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಹೆದರಿ ಮತ್ತೆ ಮತ್ತೆ ಬದಲಿಸುವುದೇ ದೊಡ್ಡ ತಪ್ಪು.

ಎರಡನೆಯದು ಡಿಎನ್‌ಎಸ್ ನಿಯಮದ ವಿಷಯ. ಸಿನೇಮ್ ಅಂದರೆ ಒಂದು ಹೆಸರನ್ನು ಇನ್ನೊಂದು ಹೆಸರಿನ ಕಡೆ ತೋರಿಸುವ ನಮೂದು. ಡಬ್ಲ್ಯು ಇರುವ ಹೆಸರಿಗೆ ಅದನ್ನು ಹಾಕಬಹುದು, ಬರೀ ಹೆಸರಿಗೆ ಹಾಕುವಂತಿಲ್ಲ. ಡೊಮೇನ್ ಕೊಂಡ ಕಡೆ "ಫಾರ್ವರ್ಡಿಂಗ್" ಅಂತ ಇರುತ್ತದೆ. ಬರೀ ಹೆಸರಿಗೆ ಬಂದವರನ್ನು ಡಬ್ಲ್ಯು ಇರುವ ಹೆಸರಿಗೆ ಕಳಿಸುವಂತೆ ಮಾಡಿ. ಶಾಶ್ವತ ಅಂದರೆ 301 ಆರಿಸಿ.

ವಿಳಾಸ ಎಚ್‌ಟಿಟಿಪಿಎಸ್‌ನಲ್ಲಿ (ನಡುವೆ ಯಾರೂ ಓದದಂತೆ ಗುಟ್ಟಾಗಿ ಸಾಗುವ ದಾರಿ) ತೆರೆಯುತ್ತಿದೆಯಾ ನೋಡಿ. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಬಿಲ್ಡರ್‌ಗಳು ತಾವೇ ಹಾಕುತ್ತಾರೆ. ಅದು ಇಲ್ಲದ ಸೈಟಿಗೆ 2018ರ ಜುಲೈನಿಂದ ಕ್ರೋಮ್ "ಸುರಕ್ಷಿತವಲ್ಲ" ಅಂತ ಹಣೆಪಟ್ಟಿ ಹಚ್ಚುತ್ತದೆ. ಇದಕ್ಕೆ ಬೇರೆ ದುಡ್ಡು ಕೊಡಿ ಅಂತ ಯಾರಾದರೂ ಕೇಳಿದರೆ ಅನುಮಾನಪಡಿ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಲಾಭರಹಿತ ಸಂಸ್ಥೆ ಇದನ್ನು ಉಚಿತವಾಗಿಯೇ ಕೊಡುತ್ತದೆ.

ದಾರಸೂಜಿ · ಜೂನ್ 24, ಬೆಳಿಗ್ಗೆ 8:10

ಸೈಟ್ ಇಲ್ಲ!! ನಿನ್ನೆ ರಾತ್ರಿಯವರೆಗೂ ಇತ್ತು. ಈಗ ಯಾವುದೋ ಬೇರೆ ಪುಟ ಬರುತ್ತಿದೆ. ನಾನೇನೂ ಮುಟ್ಟಿಲ್ಲ. ಯಾರಾದರೂ ಹ್ಯಾಕ್ ಮಾಡಿದರಾ?

ಮೂರನೇಸಾಲು · ಜೂನ್ 24, ಬೆಳಿಗ್ಗೆ 8:19

ಗಾಬರಿ ಬೇಡ. ಡೊಮೇನ್ ಕೊಂಡಿದ್ದು ಜೂನ್ 8ಕ್ಕೆ, ಅಲ್ವಾ? ಇವತ್ತಿಗೆ ಹದಿನಾರು ದಿನ. ಇಮೇಲ್‌ನ ಸ್ಪ್ಯಾಮ್ ಡಬ್ಬಿ ನೋಡಿ. "ನಿಮ್ಮ ಇಮೇಲ್ ಖಚಿತಪಡಿಸಿ" ಅಂತ ಡೊಮೇನ್‌ನವರಿಂದ ಬಂದಿರಬೇಕು.

ದಾರಸೂಜಿ · ಜೂನ್ 24, ಬೆಳಿಗ್ಗೆ 8:31

ಇದೆ. ಮೂರು ಸಲ ಬಂದಿದೆ. ಮೂರನ್ನೂ ನಾನು ನೋಡಿಲ್ಲ.

ಮೂರನೇಸಾಲು · ಜೂನ್ 24, ಬೆಳಿಗ್ಗೆ 8:36

ಅದೇ. ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕಾನ್ (ICANN) ಸಂಸ್ಥೆಯ ನಿಯಮದ ಪ್ರಕಾರ ಹೊಸದಾಗಿ ಕೊಂಡವರು 15 ದಿನದೊಳಗೆ ಖಚಿತಪಡಿಸಬೇಕು. ಇಲ್ಲದಿದ್ದರೆ ಹೆಸರನ್ನು ತಡೆಹಿಡಿಯುತ್ತಾರೆ. ಲಿಂಕ್ ಒತ್ತಿ, ಸ್ವಲ್ಪ ಹೊತ್ತಿನಲ್ಲಿ ಬರುತ್ತದೆ. ಒತ್ತುವ ಮುಂಚೆ ಕಳಿಸಿದವರ ವಿಳಾಸ ಸರಿಯಾಗಿ ನೋಡಿ, ಇದೇ ವೇಷದಲ್ಲಿ ಮೋಸದ ಇಮೇಲ್‌ಗಳೂ ಬರುತ್ತವೆ. ಅನುಮಾನವಿದ್ದರೆ ಲಿಂಕ್ ಬಿಟ್ಟು ನೇರ ಖಾತೆಗೆ ಹೋಗಿ ಅಲ್ಲಿಂದಲೇ ಮಾಡಿ.

ಕೈಲಿದ್ದಾಗಲೇ ತಾನೇ ನವೀಕರಣವಾಗುವ ಆಯ್ಕೆ ಹಾಕಿ. ಕ್ಯಾಲೆಂಡರಿನಲ್ಲೂ ಬರೆದಿಡಿ. ಬ್ಯಾಂಕ್ ಕಾರ್ಡಿನ ಅವಧಿ ಮುಗಿದಿದ್ದರೆ ತಾನೇ ಆಗುವುದೂ ಆಗಲ್ಲ. ಡಾಟ್ ಕಾಂ ಹೆಸರು ರದ್ದಾದ ಮೇಲೆ 30 ದಿನ ಬಿಡಿಸಿಕೊಳ್ಳುವ ಅವಕಾಶವಿರುತ್ತದೆ, ಆದರೆ ಮಾಮೂಲಿಗಿಂತ ಬಹಳ ಜಾಸ್ತಿ ಕಕ್ಕಬೇಕು.

ದಾರಸೂಜಿ · ಜೂನ್ 24, ಮಧ್ಯಾಹ್ನ 12:45

ಬಂತು. ಊಟ ಸೇರುತ್ತಿರಲಿಲ್ಲ ನನಗೆ. ನಿಮಗೆ ದೊಡ್ಡ ನಮಸ್ಕಾರ.

ನೂರೆಂಟುಟ್ಯಾಬ್ · ಜೂನ್ 25, ಸಂಜೆ 5:00

ಸೈಟ್ ನೋಡಿದೆ. ಚೆನ್ನಾಗಿದೆ. ಹಿಂದಿನ ಸ್ಥಿತಿ, ಈಗಿನ ಸ್ಥಿತಿಯ ಫೋಟೋಗಳು ಅದ್ಭುತ. ಗೂಗಲ್‌ನಲ್ಲಿ ಹುಡುಕಿದರೆ ಮಾತ್ರ ಬರುತ್ತಿಲ್ಲ. ಸೈಟ್ ಇರುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಅನ್ನುವ ಉಪಕರಣದಲ್ಲಿ ನಿಮ್ಮ ಡೊಮೇನ್ ಆಗಲೇ ಇದೆ. ಟಿಎಕ್ಸ್‌ಟಿ ಅಂಟಿಸಿದಿರಲ್ಲ, ಅದು ಡೊಮೇನ್ ನಿಮ್ಮದೇ ಅಂತ ಅಲ್ಲಿ ತೋರಿಸಲಿಕ್ಕೇ. ಅಲ್ಲಿ ಮೊದಲ ಪುಟದ ವಿಳಾಸ ಕೊಟ್ಟು "ಇಂಡೆಕ್ಸ್ ಮಾಡಿ" (ಹುಡುಕಾಟದ ಪಟ್ಟಿಗೆ ಸೇರಿಸಿ) ಅಂತ ಕೇಳಿ. ಕೆಲವು ದಿನ, ಕೆಲವೊಮ್ಮೆ ವಾರಗಳೇ ಹಿಡಿಯಬಹುದು. ದುಡ್ಡು ಕೊಟ್ಟರೆ ಮೊದಲ ಸ್ಥಾನ ಕೊಡಿಸುತ್ತೇವೆ ಅನ್ನುವವರ ಮಾತು ನಂಬಬೇಡಿ.

ಸುಮ್ನೆಬಂದೆ · ಜೂನ್ 25, ಸಂಜೆ 5:40

ವಾರಗಳಾ? ನನ್ನ ಸೈಟ್ ಎಂಟು ತಿಂಗಳಾದರೂ ಗೂಗಲ್‌ನಲ್ಲಿ ಬಂದಿಲ್ಲ. ಪೈಪೋಟಿ ಜಾಸ್ತಿ ಅಂತ ಸುಮ್ಮನಿದ್ದೇನೆ.

ಗೂಬೆಕಣ್ಣು · ಜೂನ್ 25, ಸಂಜೆ 5:55

ಎಂಟು ತಿಂಗಳು ಪೈಪೋಟಿ ಅಲ್ಲ. ವರ್ಡ್‌ಪ್ರೆಸ್ ಸೆಟ್ಟಿಂಗ್ಸ್‌ಗೆ ಹೋಗಿ, ರೀಡಿಂಗ್ ತೆರೆಯಿರಿ. ಕೆಳಗೆ "ಸರ್ಚ್ ಎಂಜಿನ್‌ಗಳು ಈ ಸೈಟನ್ನು ಇಂಡೆಕ್ಸ್ ಮಾಡದಂತೆ ತಡೆಯಿರಿ" ಅನ್ನುವ ಅರ್ಥದ ಒಂದು ಚೌಕ ಇರುತ್ತದೆ. ಕಟ್ಟುವಾಗ ಟಿಕ್ ಹಾಕಿ ಮರೆತಿರುತ್ತಾರೆ.

ಸುಮ್ನೆಬಂದೆ · ಜೂನ್ 25, ಸಂಜೆ 6:10

ಟಿಕ್ ಇತ್ತು.

ಗೂಬೆಕಣ್ಣು · ಜೂನ್ 25, ಸಂಜೆ 6:11

ಕಣ್ಣು ಮುಚ್ಚಿಕೊಂಡು ಹಾಕಿದ್ದಿರಿ.

ದಾರಸೂಜಿ · ಜುಲೈ 9, ರಾತ್ರಿ 9:30

ಸುದ್ದಿ ಹೇಳಿ ಹೋಗೋಣ ಅಂತ ಬಂದೆ. ಸಂಪರ್ಕಕ್ಕೆ ಒಂದು ಗೂಗಲ್ ಫಾರ್ಮ್ ಸೇರಿಸಿದ್ದೆ. ಹೆಸರು, ಫೋನ್ ಅಥವಾ ಇಮೇಲ್, ಪುಸ್ತಕಕ್ಕೆ ಏನಾಗಿದೆ, ಮೂರೇ ಪ್ರಶ್ನೆ. ಮೊದಲ ಸಂದೇಶ ಬಂದಾಗ ಹಿಗ್ಗಿ ಹೋದೆ. ತೆರೆದರೆ "ನಿಮ್ಮ ಸೈಟನ್ನು ಗೂಗಲ್‌ನಲ್ಲಿ ಮೊದಲ ಸ್ಥಾನಕ್ಕೆ ತರುತ್ತೇವೆ" ಅಂತ.

ಎರಡನೆಯದು ನಿಜವಾದದ್ದು. "ಅಜ್ಜನ ಪುಸ್ತಕ. ಕೊನೆಯ ಮೂರು ಹಾಳೆಗಳ ಮೂಲೆ ಇಲಿ ತಿಂದಿದೆ. ಅಕ್ಷರಗಳೂ ಹೋಗಿವೆ. ಆಗುತ್ತಾ?"

ಕೆಂಪುಪೆನ್ನು ಅವರೇ, ಹದಿನೇಳು ಪ್ರಶ್ನೆಯಲ್ಲಿ ಗೆದ್ದಲಿತ್ತು, ನೀರಿತ್ತು, ಬೆಂಕಿಯೂ ಇತ್ತು. ಇಲಿ ಇರಲಿಲ್ಲ. ಈಗ ಸೇರಿಸುತ್ತಿದ್ದೇನೆ.

ಕೆಂಪುಪೆನ್ನು · ಜುಲೈ 9, ರಾತ್ರಿ 9:44

ಆಗುತ್ತಾ?

ದಾರಸೂಜಿ · ಜುಲೈ 9, ರಾತ್ರಿ 9:50

ಮೂಲೆಗೆ ತೆಳು ಕಾಗದ ಕೂಡಿಸಬಹುದು. ಅದೇ ಪುಸ್ತಕದ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕರೆ ಹೋದ ಅಕ್ಷರಗಳನ್ನು ಪೆನ್ಸಿಲ್‌ನಲ್ಲಿ ಬರೆದುಕೊಡುತ್ತೇನೆ.